ದೂರದ ಪಯಣಕ್ಕೆ ಮಕ್ಕಳ ಬುತ್ತಿ

“ಬೇಸಿಗೆಯ ರಜೆಗೆ ಬೆಂಗಳೂರಿನಿಂದ ವಿಜಯಪುರದ ತವರಿಗೆ ಕಾರಿನಲ್ಲಿ ಹೊರಡುವವರಿದ್ದೇವೆ. ಮಗಳಿಗೆ ಎಂಟು ವರ್ಷ, ಮಗನಿಗೆ ಒಂದೂವರೆ. ಕಾರು ಹತ್ತಿದ ಗಳಿಗೆಯಿಂದ ಇಬ್ಬರಿಗೂ ಬಾಯಾಡಿಸಲು ಏನಾದರೂ ಬೇಕು. ಏನು ಕೊಟ್ಟರೆ ಹಿತ, ಯಾವುದನ್ನು ಕೊಡಬಾರದು ಎಂಬುದನ್ನು ತಮ್ಮ ಅಂಕಣದಲ್ಲಿ ತಿಳಿಸುವಿರಾ?” ಎಂದು ಓದುಗ ಸೋದರಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ.

ಕೇಳಲು ಸಣ್ಣ ಪ್ರಶ್ನೆ. ಆದರೆ ತುಮಕೂರು, ಚಿತ್ರದುರ್ಗ, ಹೊಸಪೇಟೆ, ಇಳಕಲ್ಲು, ನಿಡಗುಂದಿಗಳನ್ನು ದಾಟಿ ಹೋಗುವ ಈ ದಾರಿ 500 ಕಿಲೋಮೀಟರಿಗೂ ಮಿಕ್ಕಿದ್ದು. ಒಂಬತ್ತು ಹತ್ತು ತಾಸು ಮಕ್ಕಳು ಒಂದೇ ಆಸನದಲ್ಲಿ ಕುಳಿತಿರಬೇಕು. ಅಷ್ಟು ಹೊತ್ತು ಅವರ ಬಾಯಿಗೆ ಏನು ಹೋಗುತ್ತದೆ, ಹೇಗೆ ಹೋಗುತ್ತದೆ ಎಂಬುದು ಹೊಟ್ಟೆನೋವು ವಾಂತಿಗಳ ಮಟ್ಟಿಗೆ ಮುಗಿಯುವ ಸಂಗತಿಯಲ್ಲ. ಒಮ್ಮೊಮ್ಮೆ ಅದು ಪ್ರಾಣಕ್ಕೇ ಸಂಬಂಧಿಸಿದ್ದಾಗುತ್ತದೆ. ಆದುದರಿಂದ ಈ ಸಲದ ಪುಟಗಳನ್ನು ಇದೊಂದೇ ವಿಷಯಕ್ಕೆ ಮೀಸಲಿಡುತ್ತಿದ್ದೇನೆ.

ನಮ್ಮ ಹಿರಿಯರಿಗೆ ಪ್ರಯಾಣದ ಬುತ್ತಿ ಕಟ್ಟುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಚಟ್ನಿ, ಉಳ್ಳಾಗಡ್ಡಿ, ಡಬ್ಬಿಯ ತುಂಬ ಉಂಡಿ. ತೇವವಿಲ್ಲದ ಈ ಪದಾರ್ಥಗಳು ಎರಡು ದಿನದ ದಾರಿಗೂ ಕೆಡುತ್ತಿರಲಿಲ್ಲ. ಬಂಡಿಯನ್ನು ಬಾವಿಯ ಬಳಿಯೋ ಮರದ ನೆರಳಿನಲ್ಲೋ ನಿಲ್ಲಿಸಿ, ಬುತ್ತಿಯ ಗಂಟು ಬಿಚ್ಚಿ, ಎಲ್ಲರೂ ಕೂಡಿ ಕುಳಿತು ಉಣ್ಣುತ್ತಿದ್ದರು. ಇಂದು ತಿನಿಸುಗಳು ಬದಲಾಗಿವೆಯೆಂದು ನಾವು ಹಲುಬುತ್ತೇವೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ದೊಡ್ಡ ಬದಲಾವಣೆ ತಿನ್ನುವ ರೀತಿಯಲ್ಲಿ ಆಗಿದೆ. ಗಾಡಿ ತಾಸಿಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಮುಂದಿನ ಆಸನದಲ್ಲಿರುವ ತಾಯಿ ಹಿಂದಿರುಗಿ ನೋಡದೆಯೇ ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಮಗುವಿಗೆ ಏನನ್ನೋ ಕೊಡುತ್ತಾಳೆ. ಅದು ಅಗಿಯಿತೇ, ನುಂಗಿತೇ, ಬಾಯಲ್ಲಿಟ್ಟುಕೊಂಡೇ ನಿದ್ರೆಹೋಯಿತೇ ಎಂಬುದು ಅವಳಿಗೆ ಕಾಣದು. ಎಲ್ಲ ಎಚ್ಚರಿಕೆಗಳೂ ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ಮೊದಲು ಒಂದೂವರೆ ವರ್ಷದ ಆ ಕಂದನ ಬಾಯನ್ನು ನೋಡೋಣ. ಮುಂದಿನ ಬಾಚಿಹಲ್ಲುಗಳು ಬಂದಿರುತ್ತವೆ. ಅವುಗಳಿಂದ ಅವನು ಏನನ್ನಾದರೂ ಕಚ್ಚಿ ತುಂಡುಮಾಡಬಲ್ಲ. ಆದರೆ ಅರೆಯುವ ಕೆಲಸ ದವಡೆಯ ಹಲ್ಲುಗಳದು. ಮೊದಲ ಜೋಡಿ ದವಡೆಹಲ್ಲು ಮೂಡುವುದು ಸಾಮಾನ್ಯವಾಗಿ ಒಂದು ವರ್ಷ ದಾಟಿದ ಮೇಲೆ. ಎರಡನೆಯವು ಮೂಡಲು ಎರಡು, ಎರಡೂವರೆ ವರ್ಷವಾಗಬೇಕು. ಅಂದರೆ ತುಂಡುಮಾಡುವ ಶಕ್ತಿ ಮೊದಲು, ನುಣ್ಣಗೆ ಮಾಡುವ ಶಕ್ತಿ ಬಹಳ ತಡವಾಗಿ. ಅವನ ಶ್ವಾಸನಾಳವಾದರೋ ಹೆಚ್ಚುಕಡಿಮೆ ಅವನದೇ ಕಿರುಬೆರಳಿನಷ್ಟು ದಪ್ಪ. ಒಂದು ಶೇಂಗಾ ಕಾಳು, ಪುಟಾಣಿ ಎಂದು ನಮ್ಮ ಕಡೆ ಕರೆಯುವ ಒಂದು ಹುರಿಗಡಲೆ, ಒಂದು ಇಡೀ ದ್ರಾಕ್ಷಿ ಹಣ್ಣು ಆ ದಾರಿಯನ್ನು ಮುಚ್ಚಲು ಸಾಕು. ಗಾಡಿ ಒಮ್ಮೆ ಜಿಗಿದರೆ, ಮಗು ನಗುವಾಗ ಉಸಿರನ್ನು ಒಮ್ಮೆಲೇ ಎಳೆದರೆ, ಬಾಯಲ್ಲಿದ್ದ ಕಾಳು ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತದೆ.

ಶೇಂಗಾದ ವಿಷಯದಲ್ಲಿ ಇನ್ನೊಂದು ಕೇಡು ಅಡಗಿದೆ. ಅದು ದೊಡ್ಡ ನಾಳವನ್ನು ದಾಟಿ ಶ್ವಾಸಕೋಶದ ಕವಲಿಗೆ ಇಳಿದರೆ ಮಗು ಸ್ವಲ್ಪ ಹೊತ್ತು ಜೋರಾಗಿ ಕೆಮ್ಮಿ ಸುಮ್ಮನಾಗಿಬಿಡುತ್ತದೆ. ಎಲ್ಲ ಸರಿಹೋಯಿತೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಕಾಳು ತೇವವನ್ನು ಹೀರಿ ಉಬ್ಬುತ್ತದೆ. ಅದರ ಎಣ್ಣೆ ಸುತ್ತಲಿನ ಪೊರೆಯನ್ನು ಕೆರಳಿಸುತ್ತದೆ. ವಾರಗಟ್ಟಲೆ ಹೋಗದ ಕೆಮ್ಮು, ಒಂದೇ ಪಕ್ಕದಲ್ಲಿ ಸುಯ್ಯೆನ್ನುವ ಉಸಿರು, ಮೇಲಿಂದ ಮೇಲೆ ಜ್ವರ ಇವೆಲ್ಲ ಆಮೇಲೆ ಬರುತ್ತವೆ. ಎಕ್ಸ್-ರೇ ಚಿತ್ರದಲ್ಲಿ ಶೇಂಗಾ ಕಾಣುವುದಿಲ್ಲ. ಅರಿವಳಿಕೆ ಕೊಟ್ಟು, ಬ್ರಾಂಕೋಸ್ಕೋಪ್ ಎಂಬ ನಳಿಕೆಯನ್ನು ಇಳಿಸಿ ತೆಗೆಯಬೇಕಾಗುತ್ತದೆ. ಆದುದರಿಂದ ಪ್ರಯಾಣದಲ್ಲಿ ಕಾಳು ತಿನ್ನುತ್ತಿದ್ದ ಮಗುವಿಗೆ ಒಮ್ಮೆಲೇ ಕೆಮ್ಮು ಬಂದು ನಿಂತಿದ್ದರೆ, ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಅವರಾಗಿ ಕೇಳಲಿ ಎಂದು ಕಾಯಕೂಡದು.

ಐದು ವರ್ಷ ತುಂಬುವವರೆಗೆ ಇಡಿಯಾದ ಶೇಂಗಾ, ಪುಟಾಣಿ, ಬಾದಾಮಿ, ಗೋಡಂಬಿ, ಅರಳಿದ ಜೋಳದ ಕಾಳು, ಗಟ್ಟಿ ಪೆಪ್ಪರಮಿಂಟು ಇವಾವುವನ್ನೂ ಮಕ್ಕಳ ಕೈಗೆ ಕೊಡದಿರುವುದು ಕ್ಷೇಮ. ಮನೆಯಲ್ಲಿಯೇ ಈ ನಿಯಮ ಇರಬೇಕು. ಓಡುವ ಗಾಡಿಯಲ್ಲಿ ಅದಕ್ಕೆ ವಿನಾಯಿತಿಯೇ ಬೇಡ. ಪೆಪ್ಪರಮಿಂಟಿನ ಹೆಸರನ್ನು ಬೇಕೆಂದೇ ಎತ್ತಿದ್ದೇನೆ. ಹೊಟ್ಟೆ ತೊಳಸದಿರಲೆಂದು ಲಿಂಬೆಹುಳಿಯ ಪೆಪ್ಪರಮಿಂಟನ್ನು ಮಕ್ಕಳ ಬಾಯಿಗೆ ಹಾಕುವ ರೂಢಿ ನಮ್ಮಲ್ಲಿ ಮನೆಮನೆಗೂ ಇದೆ. ಹತ್ತು ವರ್ಷದ ಹುಡುಗ ಅದನ್ನು ಚೀಪಬಲ್ಲ. ಮೂರು ವರ್ಷದ ಕೂಸಿಗೆ ಅದು ಜಾರುವ ಒಂದು ಗೋಲಿ, ಅಷ್ಟೆ. ಬೀಜ ಸಮೇತವಾದ ಹುಣಸೆ ಚಿಗಳಿಗೂ ಇದೇ ಮಾತು ಸಲ್ಲುತ್ತದೆ. ವಿಜಯಪುರ ಸೀಮೆಯ ದ್ರಾಕ್ಷಿಯನ್ನು ಮಕ್ಕಳಿಗೆ ಬೇಡವೆನ್ನುವುದು ಕಷ್ಟ, ಬೇಡವೆನ್ನಬೇಕಾಗಿಯೂ ಇಲ್ಲ. ಚೆನ್ನಾಗಿ ತೊಳೆದು, ಪ್ರತಿ ಹಣ್ಣನ್ನೂ ಉದ್ದಕ್ಕೆ ನಾಲ್ಕು ಸೀಳಾಗಿ ಹೆಚ್ಚಿ ಡಬ್ಬಿಗೆ ಹಾಕಿಕೊಂಡರಾಯಿತು. ಅಡ್ಡಕ್ಕೆ ಕತ್ತರಿಸಿದರೆ ಹಣ್ಣಿನ ದುಂಡುತನ ಉಳಿದುಬಿಡುತ್ತದೆ. ಹಸಿ ಗಜ್ಜರಿಯ ಬಿಲ್ಲೆಗಳೂ ಹಾಗೆಯೇ. ಚಿಕ್ಕವರಿಗೆ ಅದನ್ನು ಬೇಯಿಸಿಯೋ ತುರಿದೋ ಕೊಡಬೇಕು.

ಇಲ್ಲಿ ಒಂದು ನಾಜೂಕಿನ ಸಂಗತಿ ಇದೆ. ಕಾರಿನಲ್ಲಿ ಅತ್ತೆಯವರೋ ಅಜ್ಜಿಯೋ ಇರುತ್ತಾರೆ. ಹಿಂದಿನ ಆಸನದಲ್ಲಿ ಮೊಮ್ಮಗನ ಪಕ್ಕದಲ್ಲಿ ಕೂರುವವರು ಅವರೇ. ಸೆರಗಿನ ಗಂಟಿನಲ್ಲಿ ಹುರಿದ ಶೇಂಗಾ ಇರುತ್ತದೆ. ಮೊಮ್ಮಗ ಕೈಚಾಚಿದರೆ ಎರಡು ಕಾಳು ಅವನಿಗೂ ಸಲ್ಲುತ್ತದೆ. ಅದು ಪ್ರೀತಿ. “ನಿಮ್ಮ ಗಂಡನಿಗೂ ಹೀಂಗ ತಿನ್ನಿಸೇ ಬೆಳಸೀನಿ” ಎಂಬ ಉತ್ತರ ಬಂದರೆ ಸೊಸೆ ಏನು ಹೇಳಬೇಕು? ಎದುರುತ್ತರ ಕೊಡುವುದರಿಂದ ಪ್ರಯೋಜನವಿಲ್ಲ. ಹೊರಡುವ ಹಿಂದಿನ ದಿನವೇ ಹಿರಿಯರ ಬಳಿ ಕುಳಿತು, “ಅತ್ತಿ, ಈ ಸಲ ಅವನಿಗೆ ಶೇಂಗಾ ಕುಟ್ಟಿ ಮೆತ್ತಗಿನ ಉಂಡಿ ಕಟ್ಟಿಕೊಡ್ರಿ, ಕಾಳು ಗಂಟಲಿಗೆ ಸಿಕ್ಕೀತು ಅಂತ ಡಾಕ್ಟರು ಹೇಳ್ಯಾರ” ಎಂದರೆ ಕೆಲಸವೂ ಆಗುತ್ತದೆ, ಮನಸ್ಸೂ ನೋಯುವುದಿಲ್ಲ. ಕೊಡುವ ಸಂತೋಷವನ್ನು ಹಿರಿಯರಿಂದ ಕಸಿಯದೆ ಕೊಡುವ ಪದಾರ್ಥವನ್ನು ಮಾತ್ರ ಬದಲಾಯಿಸುವ ಉಪಾಯವಿದು.

ಏಕೆಂದರೆ ಶೇಂಗಾ ನಮ್ಮ ವೈರಿಯಲ್ಲ. ಹುರಿದ ಶೇಂಗಾದ ತೂಕದಲ್ಲಿ ಸುಮಾರು ಕಾಲು ಭಾಗ ಸಸಾರಜನಕವೇ ಇರುತ್ತದೆ. ಸಸ್ಯಾಹಾರಿಗಳಾದ ನಮ್ಮ ಮಕ್ಕಳಿಗೆ ಅದು ಬಲು ಬೇಕಾದ ಆಹಾರ. ಹದವಾಗಿ ಹುರಿದು, ಸಿಪ್ಪೆ ತೆಗೆದು, ಕಾಳಿನ ಹರಳು ಉಳಿಯದಂತೆ ನುಣ್ಣಗೆ ಪುಡಿಮಾಡಿ, ಪುಡಿಬೆಲ್ಲ, ಏಲಕ್ಕಿ, ಒಂದು ಚಮಚ ತುಪ್ಪ ಬೆರೆಸಿ ಕಟ್ಟಿದ ಉಂಡಿ ಬೆರಳಿನಲ್ಲಿ ಒತ್ತಿದರೆ ಉದುರಬೇಕು. ಪಾಕ ಹಿಡಿದು ಕಟ್ಟಿದ ಗಟ್ಟಿ ಉಂಡಿಯೂ ಚಿಕ್ಕಿಯೂ ಚಿಕ್ಕ ಮಕ್ಕಳಿಗೆ ಸಲ್ಲವು. ಆ ಉದುರುವ ಉಂಡಿಯನ್ನೂ ಒಂದೂವರೆ ವರ್ಷದವನಿಗೆ ಹಾಲಿನಲ್ಲಿ ಕಲಸಿಯೇ ಕೊಡಬೇಕು. ಒಣ ಪುಡಿ ಗಂಟಲಿಗೆ ಮೆತ್ತಿಕೊಳ್ಳುತ್ತದೆ. ತೆಳ್ಳಗೆ ಲಟ್ಟಿಸಿದ ಶೇಂಗಾ ಹೋಳಿಗೆ ಎಂಟು ವರ್ಷದ ಹುಡುಗಿಗೆ ಬಹಳ ಒಳ್ಳೆಯ ಪ್ರಯಾಣದ ತಿನಿಸು. ಎರಡು ಮೂರು ದಿನ ಕೆಡುವುದಿಲ್ಲ, ಕೈಗೆ ಅಂಟುವುದಿಲ್ಲ, ಒಂದು ತಿಂದರೆ ಎರಡು ತಾಸು ಹಸಿವೆಯ ಮಾತಿಲ್ಲ. ಆದರೆ ಮಗು ಅದುವರೆಗೆ ಶೇಂಗಾವನ್ನಾಗಲಿ, ಗೋಡಂಬಿ ಎಳ್ಳುಗಳನ್ನಾಗಲಿ ತಿಂದೇ ಇಲ್ಲವಾದರೆ, ಮೊದಲ ರುಚಿ ತೋರಿಸಲು ಹೆದ್ದಾರಿ ತಕ್ಕ ಸ್ಥಳವಲ್ಲ. ಕೆಲವು ಮಕ್ಕಳಿಗೆ ಅವು ಒಗ್ಗದೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವುದುಂಟು. ಹೊಸ ತಿನಿಸಿನ ಪರೀಕ್ಷೆ ಮನೆಯಲ್ಲಿ, ವೈದ್ಯರು ಹತ್ತಿರವಿರುವಾಗ ನಡೆಯಲಿ.

ಇನ್ನು ಗಂಟಲಿಗೆ ಸಿಕ್ಕಿಯೇಬಿಟ್ಟರೆ? ನಮ್ಮಲ್ಲಿ ಅದಕ್ಕೆ ನೆತ್ತಿಗೆ ಹತ್ತಿತು ಎನ್ನುತ್ತೇವೆ. ಯಾರೋ ನೆನೆಸಿಕೊಂಡರೆಂದು ನಕ್ಕು, ನೆತ್ತಿಯನ್ನು ತಟ್ಟಿ, ನೀರು ಕುಡಿಸುತ್ತೇವೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮೇ ಅದಕ್ಕೆ ಒಳ್ಳೆಯ ಚಿಕಿತ್ಸೆ. ಆದರೆ ಕೆಮ್ಮು ನಿಂತು, ಧ್ವನಿ ಹೊರಡದೆ, ತುಟಿ ನೀಲಿಯಾಗತೊಡಗಿದರೆ ನೆತ್ತಿ ತಟ್ಟುವುದರಲ್ಲಿ ಕ್ಷಣಗಳು ಕಳೆದುಹೋಗುತ್ತವೆ. ನೀರು ಕುಡಿಸುವುದಂತೂ ಅಪಾಯ. ಗಾಡಿಯನ್ನು ತಟ್ಟನೆ ರಸ್ತೆಯ ಬದಿಗೆ ನಿಲ್ಲಿಸಿ, ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಭುಜದೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಬೇಕು. ಅದರಿಂದ ಹೊರಬಾರದಿದ್ದರೆ, ಒಂದು ವರ್ಷ ದಾಟಿದ ಮಗುವಾದಲ್ಲಿ ಹಿಂದಿನಿಂದ ಅಪ್ಪಿ ಹಿಡಿದು, ಹೊಕ್ಕುಳಿನ ಮೇಲ್ಗಡೆ ಮುಷ್ಟಿಯಿಟ್ಟು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ವರ್ಷ ತುಂಬದ ಕೂಸಿನ ಹೊಟ್ಟೆಯನ್ನು ಒತ್ತಬಾರದು. ಅದನ್ನು ಮುಂಗೈಯ ಮೇಲೆ ತಲೆ ತಗ್ಗಾಗುವಂತೆ ಬೋರಲಾಗಿ ಮಲಗಿಸಿ ಬೆನ್ನಿಗೆ 5 ಪೆಟ್ಟು, ಬಳಿಕ ಅಂಗಾತ ಮಾಡಿ ಎದೆಯ ನಡುವೆ 5 ಒತ್ತು. ಸಿಕ್ಕಿದ್ದು ಹೊರಬೀಳುವವರೆಗೆ ಇವೆರಡನ್ನೂ ಸರತಿಯಂತೆ ಮಾಡುತ್ತಿರಬೇಕು. ಕಣ್ಣಿಗೆ ಕಾಣದ ಪದಾರ್ಥಕ್ಕಾಗಿ ಬಾಯಲ್ಲಿ ಬೆರಳಾಡಿಸಿದರೆ ಅದು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಅಷ್ಟರಲ್ಲಿ ಜೊತೆಯವರು 108ಕ್ಕೆ ಕರೆಮಾಡಬೇಕು. ಓದಿ ತಿಳಿಯುವುದಕ್ಕಿಂತ ಇದನ್ನು ಕಣ್ಣಾರೆ ನೋಡಿ ಕಲಿಯುವುದು ಮೇಲು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಮಕ್ಕಳ ವೈದ್ಯರನ್ನು ಕೇಳಿದರೆ ಐದು ನಿಮಿಷದಲ್ಲಿ ತೋರಿಸಿಕೊಡುತ್ತಾರೆ. ತಾಯಿ ಒಬ್ಬಳೇ ಅಲ್ಲ, ಗಾಡಿ ಓಡಿಸುವ ತಂದೆಯೂ ಕಲಿತಿರಲಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ ಸರಳವಾದದ್ದು: ಐದು ವರ್ಷದೊಳಗಿನವರಿಗೆ ಊಟ ತಿಂಡಿಗಳೆಲ್ಲ ಗಾಡಿ ನಿಂತಾಗ ಮಾತ್ರ. ಎರಡು ತಾಸಿಗೊಮ್ಮೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿದರೆ ಓಡಿಸುವವರಿಗೂ ವಿಶ್ರಾಂತಿ, ಮಕ್ಕಳ ಕಾಲಿಗೂ ಓಟ. ಓಡುವಾಗ ಅವರಿಗೆ ಗುಟುಕು ನೀರು ಸಾಕು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಆಸನದಲ್ಲಿ ಉಣಿಸುತ್ತ ಹೋಗುವ ಪದ್ಧತಿಯನ್ನು ಕೈಮುಗಿದು ಬಿಡಿಸಬೇಕೆನಿಸುತ್ತದೆ. ಒಮ್ಮೆಲೇ ಬ್ರೇಕು ಬಿದ್ದರೆ ಯಾವ ತಾಯಿಯ ತೋಳೂ ಮಗುವನ್ನು ಹಿಡಿದಿಡಲಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟನ್ನಾಗಲಿ ಮಕ್ಕಳ ಆಸನವನ್ನಾಗಲಿ ಕಡ್ಡಾಯ ಮಾಡಿ, ತಪ್ಪಿದರೆ 1000 ರೂಪಾಯಿ ದಂಡವನ್ನು ವಿಧಿಸಿದೆ. ದಂಡದ ಭಯಕ್ಕಿಂತ ಮಗುವಿನ ಭಯ ದೊಡ್ಡದಾಗಿರಲಿ.

ಹೊಟ್ಟೆ ತೊಳಸುವುದರ ಕುರಿತು ಒಂದೆರಡು ಮಾತು. ಒಳಗಿವಿಯಲ್ಲಿರುವ ಸಮತೋಲದ ಅಂಗವು ದೇಹ ಚಲಿಸುತ್ತಿದೆಯೆಂದು ಮಿದುಳಿಗೆ ಸುದ್ದಿ ಕಳುಹಿಸುತ್ತದೆ. ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ನಿಂತಿದೆಯೆನ್ನುತ್ತದೆ. ಈ ವಿರೋಧದಿಂದಲೇ ವಾಕರಿಕೆ ಹುಟ್ಟುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಬಾಧೆ ಅಪರೂಪ. ಎರಡರಿಂದ ಹನ್ನೆರಡರ ನಡುವಿನವರಿಗೆ ಹೆಚ್ಚು. ಪತ್ರ ಬರೆದ ಸೋದರಿ ಚಿಂತಿಸಬೇಕಾದದ್ದು ಮಗಳ ಬಗ್ಗೆ. ವಾಂತಿಯಾದೀತೆಂದು ಹೊಟ್ಟೆಗೇನೂ ಕೊಡದೆ ಕರೆದೊಯ್ಯುವವರಿದ್ದಾರೆ. ಬರಿಹೊಟ್ಟೆಯಲ್ಲಿಯೂ ತೊಳಸುತ್ತದೆ. ಹೊರಡುವ ಒಂದು ತಾಸು ಮೊದಲು ಎರಡು ಇಡ್ಲಿ, ಅಥವಾ ಎಣ್ಣೆ ಕಡಿಮೆಯಿರುವ ಒಂದು ಚಪಾತಿ ಕೊಡಬೇಕು. ದಾರಿಯಲ್ಲಿ ಒಣ ಮಂಡಕ್ಕಿ, ಖಾರವಿಲ್ಲದ ತೆಳು ಅವಲಕ್ಕಿಯ ಚೂಡಾ, ಬಾಳೆಹಣ್ಣು, ಪೇರಲದ ಹೋಳು ಹಿತವಾಗುತ್ತವೆ. ಶುಂಠಿಯ ರುಚಿ ಕೆಲವರಿಗೆ ಸಮಾಧಾನ ತರುತ್ತದೆ. ದಾವಣಗೆರೆಯ ಬೆಣ್ಣೆದೋಸೆಯನ್ನು ನಾನು ದೂರುವವಳಲ್ಲ. ಆದರೆ ಆ ಬೆಣ್ಣೆಯ ಮೇಲೆ ಮತ್ತೆ ನಾಲ್ಕು ತಾಸಿನ ಪ್ರಯಾಣವಿದ್ದರೆ ಮಕ್ಕಳಿಗೆ ಅರ್ಧ ದೋಸೆಯೇ ಸಾಕು. ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳನ್ನಿಳಿದು ಕರಾವಳಿಗೆ ಹೋಗುವವರು ಘಾಟಿ ಮುಗಿಯುವವರೆಗೆ ಕರಿದ ತಿಂಡಿಯ ಪೊಟ್ಟಣವನ್ನು ಬಿಚ್ಚದಿದ್ದರೆ ಬಟ್ಟೆ ಒಗೆಯುವ ಕೆಲಸ ಉಳಿಯುತ್ತದೆ. ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ಕೊಡಬೇಕು; ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಲೆಕ್ಕ ಬೇಡ.

ಬಿಸಿಲಿನ ವಿಚಾರಕ್ಕೆ ಬರೋಣ. ಬೇಯಿಸಿದ ಆಹಾರದಲ್ಲಿ ರೋಗಾಣುಗಳು ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಈ ಶಾಖದಲ್ಲಿ ಆಹಾರವನ್ನು ಎರಡು ತಾಸಿಗಿಂತ ಹೆಚ್ಚು ಇಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹೊರಗೆ 35 ಡಿಗ್ರಿಯಿದ್ದಾಗ ಬಿಸಿಲಲ್ಲಿ ನಿಲ್ಲಿಸಿ ಗಾಜು ಮುಚ್ಚಿದ ಕಾರಿನೊಳಗೆ ಒಂದು ತಾಸಿನಲ್ಲಿ 50 ಡಿಗ್ರಿ ಮುಟ್ಟುವುದು ವಿಶೇಷವೇನಲ್ಲ. ಚಿತ್ರಾನ್ನ, ಪುಳಿಯೋಗರೆ, ಪಲಾವುಗಳ ಡಬ್ಬಿ ಮುಂಜಾನೆ ಐದಕ್ಕೆ ತುಂಬಿ ಮಧ್ಯಾಹ್ನ ಒಂದಕ್ಕೆ ತೆರೆದರೆ ವಾಸನೆ ಚೆನ್ನಾಗಿಯೇ ಇರಬಹುದು. ಆದರೆ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣುವಿನ ವಿಷ ಮತ್ತೆ ಬಿಸಿಮಾಡಿದರೂ ನಾಶವಾಗದು. ಆದುದರಿಂದ ತೇವವಿರುವ ಬುತ್ತಿಯನ್ನು ಮೊದಲ ನಿಲುಗಡೆಯಲ್ಲಿಯೇ ಮುಗಿಸಿ, ಮುಂದಿನ ಊಟಗಳಿಗೆ ಒಣ ಬುತ್ತಿಯನ್ನು ಇಟ್ಟುಕೊಳ್ಳುವುದು ವಿವೇಕ. ಕಾಯಿಚಟ್ನಿಗಿಂತ ಚಟ್ನಿಪುಡಿ, ಪಲ್ಯಕ್ಕಿಂತ ಉಪ್ಪಿನಕಾಯಿ ಬಾಳಿಕೆಯವು. ಖಡಕ್ ರೊಟ್ಟಿಯನ್ನು ದೊಡ್ಡ ಮಗಳು ಮುರಿದು ಮೆಲ್ಲುತ್ತಾಳೆ. ಚಿಕ್ಕವನಿಗೆ ಅದನ್ನು ಬಿಸಿ ಹಾಲಿನಲ್ಲೋ ತಿಳಿಸಾರಿನಲ್ಲೋ ನೆನೆಯಿಸಿ ಹಿಸುಕಿ ಉಣಿಸಬಹುದು. ಹಾಲನ್ನು ಬಾಟಲಿಯಲ್ಲಿ ತುಂಬಿಟ್ಟುಕೊಂಡು ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಕುಡಿಸುವುದು ಸರ್ವಥಾ ಬೇಡ.

ಹೋಟೆಲಿನ ಊಟವೆಂದರೆ ಕೆಲವರು ಮೂಗು ಮುರಿಯುತ್ತಾರೆ. ಹಬೆಯಾಡುವ ಇಡ್ಲಿ, ಹೆಂಚಿನಿಂದ ನೇರ ಎಲೆಗೆ ಬಂದ ದೋಸೆ, ಕುದಿಯುವ ಸಾರಿನ ಅನ್ನ ಇವು ಕಾರಿನಲ್ಲಿ ಬಾಡಿದ ಮನೆಯ ಪಲಾವಿಗಿಂತ ಮಗುವಿಗೆ ಹೆಚ್ಚು ಕ್ಷೇಮ. ತಂಪಾದ ಚಟ್ನಿಯನ್ನು ಮಾತ್ರ ಬದಿಗಿಡಬೇಕು. ತುಮಕೂರಿನ ದಾರಿಯಲ್ಲಿ ಹೋಗುವವರು ಸಿದ್ಧಗಂಗೆಯಲ್ಲಿ ಇಳಿದರೆ ಬಿಸಿಯ ಪ್ರಸಾದವೂ ಆಗುತ್ತದೆ, ಮಕ್ಕಳು ಸಾಲಿನಲ್ಲಿ ಕುಳಿತು ಉಣ್ಣುವುದನ್ನೂ ಕಲಿಯುತ್ತಾರೆ. ರಸ್ತೆಬದಿಯ ಕೆಂಪು ಗೋಬಿ ಮಂಚೂರಿಗೂ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿಗೂ ಮಕ್ಕಳು ಹಟ ಹಿಡಿದಾರು. ರೋಡಮಿನ್-ಬಿ ಎಂಬ ಬಟ್ಟೆಗೆ ಹಾಕುವ ಬಣ್ಣ ಮಿಠಾಯಿಯಲ್ಲಿ ಕಂಡುಬಂದದ್ದರಿಂದ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಇವೆರಡರಲ್ಲಿಯೂ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಕಣ್ಣು ಕುಕ್ಕುವ ಬಣ್ಣ ಕಂಡರೆ ಅಲ್ಲಿ ಕೊಳ್ಳದಿರುವುದೇ ಲೇಸು.

ಕುಡಿಯುವ ಪದಾರ್ಥಗಳಲ್ಲಿ ನಮಗೆ ಆಗುವ ಮೋಸ ಬಲು ಸೂಕ್ಷ್ಮವಾದದ್ದು. ಮಾವಿನ ಚಿತ್ರವಿರುವ ಬಾಟಲಿಯನ್ನು ಹಣ್ಣಿನ ರಸವೆಂದು ಕೊಳ್ಳುತ್ತೇವೆ. ಹಣ್ಣಿನ ಪಾನೀಯವೆಂದು ಮಾರಲು ನಮ್ಮ ದೇಶದ ನಿಯಮದಂತೆ ಶೇಕಡಾ 10ರಷ್ಟು ಹಣ್ಣಿನ ರಸವಿದ್ದರೆ ಸಾಕು. ಉಳಿದುದರಲ್ಲಿ ಬಹುಪಾಲು ನೀರು ಮತ್ತು ಸಕ್ಕರೆ. ಸಾಮಾನ್ಯ ಕೋಲಾ ಪಾನೀಯದ 100 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. ಬಾಟಲಿಯ ಹಿಂಬದಿಯ ಪಟ್ಟಿಯಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರಬೇಕು. ಸಕ್ಕರೆಯ ಹೆಸರು ಎಷ್ಟು ಮೊದಲು ಬಂದಿದೆಯೋ ಅಷ್ಟು ಹೆಚ್ಚು ಸಕ್ಕರೆಯೆಂದು ತಿಳಿಯಬೇಕು. ಎಂಟು ವರ್ಷದ ಮಗಳಿಗೆ ಇದನ್ನು ಓದುವುದು ಒಂದು ಒಳ್ಳೆಯ ಆಟವಾದೀತು. ಓ.ಆರ್.ಎಸ್. ಎಂಬ ಹೆಸರನ್ನಿಟ್ಟುಕೊಂಡು ಸಿಹಿ ಪಾನೀಯಗಳನ್ನು ಮಾರುತ್ತಿದ್ದುದನ್ನು 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ ತಡೆಯಿತು. ವಾಂತಿಭೇದಿಯಾದ ಮಗುವಿಗೆ ಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದುದೆಂದು ಬರೆದಿರುವ ಪುಡಿಯ ಪೊಟ್ಟಣ. ಔಷಧಿ ಅಂಗಡಿಯಿಂದ ಎರಡನ್ನು ತಂದು ಚೀಲದಲ್ಲಿಟ್ಟಿರಬೇಕು. ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿನಲ್ಲಿ ಇಡೀ ಪುಡಿಯನ್ನು ಕರಗಿಸಬೇಕೇ ಹೊರತು ಅರ್ಧ ಅರ್ಧವಾಗಿ ಅಲ್ಲ.

ದಿನನಿತ್ಯದ ದಾಹಕ್ಕೆ ನೀರು, ಕಣ್ಣೆದುರು ಕೊಚ್ಚಿಸಿದ ಎಳನೀರು, ಮನೆಯಿಂದ ಫ್ಲಾಸ್ಕಿನಲ್ಲಿ ತಂದ ತಂಪು ಮಜ್ಜಿಗೆ ಇವಕ್ಕಿಂತ ಬೇರೆ ಬೇಕಿಲ್ಲ. ಆದರೆ ಬಹಳ ತಾಯಂದಿರು ನೀರನ್ನೇ ಕೊಡುವುದಿಲ್ಲ. ಕುಡಿದರೆ ಮೂತ್ರಕ್ಕೆ ನಿಲ್ಲಿಸಬೇಕು, ನಿಲ್ಲಿಸಿದರೆ ಶೌಚಾಲಯ ಸರಿಯಿರುವುದಿಲ್ಲ ಎಂಬ ಸಂಕಟ ಅವರದು. ಗಂಡುಮಕ್ಕಳು ಗಿಡದ ಮರೆಗೆ ಹೋಗಿಬರುತ್ತಾರೆ. ಎಂಟು ವರ್ಷದ ಹುಡುಗಿ ನಾಚಿ ತಾಸುಗಟ್ಟಲೆ ತಡೆದುಕೊಂಡಿರುತ್ತಾಳೆ. ಒಂದೆಡೆ ಉಪ್ಪು ತುಂಬಿದ ಚಿಪ್ಸ್, ಇನ್ನೊಂದೆಡೆ ನೀರಿಗೆ ನಿಷೇಧ. ತವರು ತಲಪಿದ ಮರುದಿನವೇ ಉರಿಮೂತ್ರವೆಂದು ವೈದ್ಯರ ಬಳಿಗೆ ಓಡಿದರೆ ಆಶ್ಚರ್ಯವೇನು? ಪೆಟ್ರೋಲ್ ಬಂಕುಗಳು ಕುಡಿಯುವ ನೀರು, ಚಕ್ರದ ಗಾಳಿ, ಶೌಚಾಲಯಗಳನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ಸಂಕೋಚಪಡದೆ ಕೇಳಿ ಬಳಸಬೇಕು. ಎಲ್ಲಿ ನಿಲ್ಲಿಸಬೇಕೆಂದು ಮನೆಯವರು ಹೊರಡುವ ಮೊದಲೇ ಗೊತ್ತುಮಾಡಿಕೊಂಡರೆ ಮಗುವಿಗೆ ನೀರು ಕೊಡಲು ಧೈರ್ಯ ಬರುತ್ತದೆ.

ಎಂಟು ವರ್ಷದವಳಿಗೆ ತಿನ್ನುವುದು ಹಸಿವೆಗಿಂತ ಬೇಸರಕ್ಕೆ. ಅವಳಿಗೆ ನಾಲ್ಕು ಚಿಕ್ಕ ಡಬ್ಬಿಗಳನ್ನು ಕೊಟ್ಟು, ಅಡುಗೆಮನೆಯಲ್ಲಿ ಅವಳೇ ತುಂಬಿಕೊಳ್ಳಲಿ. ಒಂದರಲ್ಲಿ ಚೂಡಾ, ಒಂದರಲ್ಲಿ ಹೋಳಿಗೆಯ ತುಣುಕು, ಒಂದರಲ್ಲಿ ಹಣ್ಣು, ಒಂದರಲ್ಲಿ ಅವಳಿಷ್ಟದ ಬಿಸ್ಕತ್ತೋ ಚಕ್ಕುಲಿಯೋ ಇರಲಿ. ತುಮಕೂರಿಗೆ ಒಂದು, ಚಿತ್ರದುರ್ಗಕ್ಕೆ ಒಂದು ಎಂದು ತೆರೆಯುವ ಲೆಕ್ಕ ಅವಳದೇ. ಹಿರಿಯೂರಿನಲ್ಲೇ ನಾಲ್ಕೂ ಖಾಲಿಯಾದರೆ ಮತ್ತೆ ತುಂಬಿಕೊಡಬೇಕಾಗಿಲ್ಲ. ಮುಂದಿನ ಊಟದವರೆಗೆ ಅವಳು ಕಾಯಬಲ್ಲಳು. ತಮ್ಮನಿಗೆ ತನ್ನ ಡಬ್ಬಿಯಿಂದ ಏನನ್ನೂ ಕೊಡಬಾರದೆಂದು ಅವಳಿಗೆ ಕಾರಣ ಸಮೇತ ಹೇಳಿರಬೇಕು. ಅಕ್ಕಂದಿರ ಪ್ರೀತಿ ಅಜ್ಜಿಯಂದಿರ ಪ್ರೀತಿಗೆ ಕಡಿಮೆಯದಲ್ಲ.

ಮರಳಿ ಬರುವಾಗಿನ ಬುತ್ತಿ ಬೇರೆಯೇ. ತವರಿನವರು ಧಾರವಾಡದ ಪೇಡೆ, ಬೆಳಗಾವಿಯ ಕುಂದಾ, ಅಮೀನಗಡದ ಕರದಂಟುಗಳನ್ನು ಚೀಲದ ತುಂಬ ಕಟ್ಟಿಕೊಡುತ್ತಾರೆ. ಕುಂದಾ ಹಾಲಿನದು, ಬಿಸಿಲಿನಲ್ಲಿ ಬಹಳ ಹೊತ್ತು ತಾಳದು. ಅದನ್ನು ಹೊರಡುವ ದಿನವೇ ಅಲ್ಲಿ ಎಲ್ಲರೂ ಕೂಡಿ ತಿನ್ನುವುದೊಳಿತು. ಅಂಟು, ಬೆಲ್ಲ, ಗೋಡಂಬಿ, ಬಾದಾಮಿಗಳು ಗಟ್ಟಿಯಾಗಿ ಹಿಡಿದುಕೊಂಡಿರುವ ಕರದಂಟು ಬಾಣಂತಿಗೂ ದೊಡ್ಡವರಿಗೂ ಪುಷ್ಟಿ; ಚಿಕ್ಕವನಿಗೆ ಅದರಲ್ಲಿ ಮೇಲೆ ಹೇಳಿದ ಅಪಾಯಗಳೆಲ್ಲ ಒಟ್ಟಿಗಿವೆ. ಆ ಪೊಟ್ಟಣವನ್ನು ಹಿಂದಿನ ಆಸನದ ಬಳಿ ಇಡದೆ, ಊರು ತಲಪುವವರೆಗೆ ಡಿಕ್ಕಿಯಲ್ಲಿಯೇ ಇಡಿ.